ಬಿಡಿಸಿಕೊಳ್ಳದ ಬೆಳ್ಳಿ ಡಬ್ಬಿ

ಕಳೆದ ದೀಪಾವಳಿಗೆ ಅಮ್ಮ ಮೈಸೂರಿನಿಂದ ಗುರುಗ್ರಾಮದ ನಮ್ಮ ಮನೆಗೆ ಬಂದಾಗ ಎಂದಿನಂತೆ ಅರ್ಧ ಅಡುಗೆಮನೆಯನ್ನೇ ಹೊತ್ತು ತಂದಿದ್ದಳು. ರಾಗಿ ಹುರಿಹಿಟ್ಟು, ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ. ಎಲ್ಲದರ ಅಡಿಯಲ್ಲಿ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಗಂಟು. "ಏರ್‌ಪೋರ್ಟಲ್ಲಿ ಬಿಚ್ಚಿಸಿ ನೋಡಿದ್ರು ಕಣೇ. ದೇವರದ್ದು ಅಂದೆ, ಬಿಟ್ಬಿಟ್ರು" ಎಂದಳು.

ಗಂಟಿನಲ್ಲಿ ಇದ್ದದ್ದು ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ಡಬ್ಬಿ. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು. ಒಂದರ ಮೇಲೊಂದು ಓರೆಯಾಗಿ ಇಟ್ಟ ಎರಡು ಚೌಕಗಳಂತೆ, ಎಂಟು ಮೂಲೆಯ ನಕ್ಷತ್ರದ ಆಕಾರ. ನಡುವೆ ಒಂದು ದೊಡ್ಡ ಕಲ್ಲು, ಸುತ್ತ ಎಂಟು ಸಣ್ಣ ಕಲ್ಲುಗಳು. ಸುತ್ತಿನವು ನೀಲಿ, ನಡುವಿನದು ಮಾತ್ರ ಹಸಿರಿಗೆ ತಿರುಗಿತ್ತು. ದಾರ ಪೋಣಿಸಲು ಮೇಲೆ ಒಂದು ಕೊಳವೆ. ಹಿಂಬದಿ ಬೆಳ್ಳಿಯಲ್ಲ, ತಾಮ್ರದ ತಗಡು. ಚಿಕ್ಕವಳಿದ್ದಾಗ ಅದನ್ನು ಮುಟ್ಟಲು ಹೋದರೆ ಅಜ್ಜಿ ಗದರುತ್ತಿದ್ದಳು. ತಾತ ಟಿಬೇಟಿನವರ ಹತ್ತಿರ ತಗೊಂಡಿದ್ದು ಎನ್ನುವುದಷ್ಟೇ ನಮಗೆಲ್ಲ ಗೊತ್ತಿದ್ದ ಕಥೆ.

"ಮೇ ತಿಂಗಳಲ್ಲಿ ಮಾವನ ಮಗನ ಮದುವೆ ಇದೆಯಲ್ಲ, ನೀನೇ ಹಾಕ್ಕೋ. ಪೆಟ್ಟಿಗೆಯಲ್ಲಿ ಇಟ್ಟು ಏನು ಮಾಡೋದು?" ಎಂದಳು ಅಮ್ಮ. ನನಗೂ ಆಸೆಯಾಯಿತು. ಬೂದು ಬಣ್ಣದ ರೇಷ್ಮೆ ಸೀರೆಯ ಮೇಲೆ ನೀಲಿ ಕಲ್ಲಿನ ಹಳೇ ಬೆಳ್ಳಿ! ಆ ಹಸಿರು ಕಲ್ಲೊಂದೇ ಸರಿಹೋಗಬೇಕಿತ್ತು.

ನಮ್ಮ ಸೆಕ್ಟರ್‌ನ ಒಡವೆ ಅಂಗಡಿಯವನು ನೋಡಿದ ತಕ್ಷಣ ಹೇಳಿದ, "ಫಿರೋಜಾ ಕೆಟ್ಟು ಹೋಗಿದೆ ಮೇಡಂ. ಹೊಸ ಕಲ್ಲು ಕೂರಿಸಿ, ಪಾಲಿಶ್ ಮಾಡಿ ಎರಡು ದಿನದಲ್ಲಿ ಕೊಡ್ತೀನಿ." ಕೊಟ್ಟೇ ಬಿಡುತ್ತಿದ್ದೆನೇನೋ. ಆದರೆ ಇಂಥ ಕಲ್ಲಿನ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದ್ದೆ. ಕೈಯಲ್ಲ, ಕಿವಿ. ಬೆಟ್ಟದ ಊರೊಂದಕ್ಕೆ ರಜೆಗೆ ಹೋದಾಗ ರಸ್ತೆಬದಿಯಲ್ಲಿ 'ಟಿಬೆಟನ್ ಸಿಲ್ವರ್' ಎಂದು ಎಂಟುನೂರು ರೂಪಾಯಿ ಕೊಟ್ಟು ಓಲೆ ತಗೊಂಡಿದ್ದೆ. ಮೂರನೇ ದಿನಕ್ಕೆ ಕಿವಿ ಊದಿ ನೀರು ಸೋರಿತು. ಚರ್ಮದ ಡಾಕ್ಟರು ನಿಕಲ್ ಅಲರ್ಜಿ ಎಂದರು. ಆಮೇಲೆ ಓದಿ ತಿಳಿದುಕೊಂಡೆ. ಮಾರುಕಟ್ಟೆಯಲ್ಲಿ ಆ ಹೆಸರಿಗೆ ಅರ್ಥವೇ ಇಲ್ಲ. ಬಹಳಷ್ಟು ಸಲ ಅದು ತಾಮ್ರ, ಸತು, ತವರ, ನಿಕಲ್ ಬೆರಕೆ. ಬೆಳ್ಳಿ ಇದ್ದರೂ ಹೆಸರಿಗಷ್ಟೇ. ಅದರಲ್ಲಿದ್ದ ನೀಲಿ ಕಲ್ಲೂ ಫಿರೋಜಾ ಅಲ್ಲ, ಹೌಲೈಟ್ ಎಂಬ ಬಿಳಿ ಕಲ್ಲಿಗೆ ಬಣ್ಣ ಹಾಕಿದ್ದು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ಉಜ್ಜಿದರೆ ಹತ್ತಿಯೇ ನೀಲಿಯಾಯಿತು.

ಹಾಗಾಗಿ ಈ ಸಲ ಆತುರ ಬೇಡ ಅನ್ನಿಸಿತು. ಆಫೀಸಿನ ಗೆಳತಿಯೊಬ್ಬಳು, "ಮಜ್ನು ಕಾ ಟೀಲಾಕ್ಕೆ ಹೋಗು, ಅವರದ್ದನ್ನ ಅವರಿಗೇ ತೋರಿಸು" ಎಂದಳು.

ದಿಲ್ಲಿಯಲ್ಲಿರುವವರಿಗೆ ಮಜ್ನು ಕಾ ಟೀಲಾ ಗೊತ್ತಿರುತ್ತದೆ. ಯಮುನೆಯ ದಡದಲ್ಲಿ, ರಿಂಗ್ ರೋಡಿಗೆ ಅಂಟಿಕೊಂಡಿರುವ ಟಿಬೇಟಿಯನ್ನರ ಕಾಲೊನಿ. ವಿಧಾನಸಭಾ ಮೆಟ್ರೋದಲ್ಲಿ ಇಳಿದು ಇ-ರಿಕ್ಷಾ ಹಿಡಿದರೆ, ಪ್ರಾರ್ಥನೆಯ ಬಾವುಟಗಳು ಹಾರಾಡುವ ಫುಟ್‌ಬ್ರಿಡ್ಜ್ ಕಾಣುತ್ತದೆ. ಒಳಗೆ ಇಬ್ಬರು ಜೊತೆಯಾಗಿ ನಡೆಯಲಾಗದಷ್ಟು ಕಿರಿದಾದ ಓಣಿಗಳು. ಥುಕ್ಪಾ, ಲಾಫಿಂಗ್ ತಿನ್ನಲು ನಾವೂ ಎಷ್ಟೋ ಸಲ ಹೋಗಿದ್ದೇವೆ. ಒಡವೆ ಅಂಗಡಿಯೊಳಗೆ ಹೋದದ್ದು ಅದೇ ಮೊದಲು.

ಅಂಗಡಿ ತುಂಬ ಮಣಿ, ಹವಳ, ಬೆಳ್ಳಿ. ಹೇಗೆ ಮಾತು ಶುರು ಮಾಡಲಿ ಎಂದು ನಿಂತಿದ್ದಾಗಲೇ ಅಮ್ಮನ ಫೋನು. "ಇಲ್ಲಮ್ಮ, ಇನ್ನೂ ತೋರಿಸಿಲ್ಲ. ತೋರಿಸಿ ಆಮೇಲೆ ಫೋನ್ ಮಾಡ್ತೀನಿ" ಎಂದೆ.

ಗಲ್ಲಾದ ಹಿಂದಿನಿಂದ ಒಂದು ದನಿ, "ಏನು ತೋರಿಸ್ಬೇಕಿತ್ತಮ್ಮ?"

ತಿರುಗಿ ನೋಡಿದೆ. ಐವತ್ತು ದಾಟಿದ ಟಿಬೇಟಿ ಹೆಂಗಸು, ಉದ್ದ ಚುಪಾ ಉಟ್ಟು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ನಗುತ್ತಿದ್ದರು. "ನಾನು ಹುಟ್ಟಿದ್ದು ಬೈಲಕುಪ್ಪೆ. ಒಂದನೇ ಕ್ಯಾಂಪು. ಮದುವೆ ಆಗಿ ದಿಲ್ಲಿಗೆ ಬಂದಿದ್ದು. ನಿಮ್ದು ಯಾವೂರು?"

"ಪಿರಿಯಾಪಟ್ಣ. ನಮ್ಮ ತಾಯಿ ಕಡೆಯವರು."

"ಅಯ್ಯೋ, ಪಿರಿಯಾಪಟ್ಣ ಸಂತೆಗೆ ನಮ್ಮಮ್ಮನ ಜೊತೆ ಬರ್ತಿದ್ದೆ ನಾನು!"

ದಿಲ್ಲಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಕನ್ನಡ ಕಿವಿಗೆ ಬಿದ್ದಾಗ ಆಗುವ ಸಂತೋಷ ನಿಮಗೆಲ್ಲ ಗೊತ್ತೇ ಇದೆ. ಆದರೆ ಮೈಸೂರು ಸೀಮೆಯ ಅಪ್ಪಟ ಕನ್ನಡ ಯಮುನೆಯ ದಡದಲ್ಲಿ ಒಬ್ಬ ಟಿಬೇಟಿ ಹೆಂಗಸಿನ ಬಾಯಲ್ಲಿ ಸಿಗುತ್ತದೆ ಎಂದು ಎಣಿಸಿರಲಿಲ್ಲ. ಬೆಣ್ಣೆ ಚಹಾ ತರಿಸಿದರು. ನಾನು ಪಂಚೆಯ ಗಂಟು ಬಿಚ್ಚಿದೆ.

ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ತಗೊಂಡು ಮೊದಲು ತಲೆಗೆ ಮುಟ್ಟಿಸಿಕೊಂಡರು. ಆಮೇಲೆ ಕನ್ನಡಕ ಇಳಿಸಿ ನೋಡಿದರು.

"ಇದು ಗಾವ್. ನಿಮ್ಮ ಕಡೆ ತಾಯಿತ ಕಟ್ಟಲ್ವಾ, ಹಂಗೆ. ದೇವರನ್ನ ಒಳಗಿಟ್ಟು ಎದೆ ಮೇಲೆ ಹಾಕ್ಕೊಳ್ಳೋದು."

ಮುಂದಿನ ಒಂದು ಗಂಟೆ ಅವರು ಹೇಳಿದ್ದು, ಆಮೇಲೆ ನಾನು ಹುಡುಕಿ ಓದಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. ಟಿಬೇಟಿನಲ್ಲಿ ಗಾವ್ ಎಲ್ಲರ ಒಡವೆ. ಪ್ರಯಾಣ ಹೊರಟ ಗಂಡಸರು ದೊಡ್ಡ ಗಾವ್ ಅನ್ನು ಹೆಗಲಿನಿಂದ ಅಡ್ಡಲಾಗಿ ಹಾಕಿಕೊಳ್ಳುತ್ತಿದ್ದರು. ಲಾಸಾದ ದೊಡ್ಡ ಅಧಿಕಾರಿಗಳು ಸಣ್ಣದೊಂದನ್ನು ಜುಟ್ಟಿನ ಗಂಟಿನಲ್ಲೇ ಕೂರಿಸಿಕೊಳ್ಳುತ್ತಿದ್ದರು. ಎಡಗಿವಿಯಲ್ಲಿ ಉದ್ದದ ಓಲೆ, ಬಲಗಿವಿಯಲ್ಲಿ ಒಂದೇ ಒಂದು ಫಿರೋಜಾ ಇದ್ದರೆ ಆತ ಸರ್ಕಾರದ ಮನುಷ್ಯನೆಂದು ದೂರದಿಂದಲೇ ತಿಳಿಯುತ್ತಿತ್ತು. ನಮ್ಮ ಡಬ್ಬಿಯಂತೆ ಎಂಟು ಮೂಲೆಯದ್ದು ಲಾಸಾ ಕಡೆಯ ಹೆಂಗಸರದ್ದು. ಸಿರಿವಂತರು ಚಿನ್ನದಲ್ಲಿ ಮಾಡಿಸಿದರೆ, ಉಳಿದವರು ಬೆಳ್ಳಿಯಲ್ಲಿ. ಬೆಳ್ಳಿ ಉಳಿಸಲು ಹಿಂಬದಿಗೆ ತಾಮ್ರ.

ಬೆಳ್ಳಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದೆ. "ದುಡ್ಡು ಕರಗಿಸಿ!" ಎಂದು ನಕ್ಕರು. ನಿಜವೇ. ವಿಕ್ಟೋರಿಯಾ ರಾಣಿಯ ತಲೆಯಿರುವ ನಮ್ಮ ಬೆಳ್ಳಿ ರೂಪಾಯಿ ವ್ಯಾಪಾರಿಗಳ ಜೊತೆ ಹಿಮಾಲಯ ದಾಟಿ ಟಿಬೇಟಿನಲ್ಲೆಲ್ಲ ಓಡಾಡುತ್ತಿತ್ತು. ಒಂದು ರೂಪಾಯಿ ಎಂದರೆ 11.66 ಗ್ರಾಂ, ನೂರಕ್ಕೆ 91ಕ್ಕಿಂತ ಹೆಚ್ಚು ಪಾಲು ಬೆಳ್ಳಿ. ಅದು ಎಷ್ಟು ಹಬ್ಬಿತ್ತೆಂದರೆ 20ನೇ ಶತಮಾನದ ಆರಂಭದಲ್ಲಿ ಚೀನಾದವರು ಸಿಚುವಾನ್‌ನಲ್ಲಿ ಅದನ್ನೇ ಹೋಲುವ ನಾಣ್ಯ ಟಂಕಿಸಿದರು, ರಾಣಿಯ ಜಾಗದಲ್ಲಿ ತಮ್ಮ ಚಕ್ರವರ್ತಿಯ ಮುಖ ಹಾಕಿ. ಇಂಥ ನಾಣ್ಯಗಳೇ ಅಕ್ಕಸಾಲಿಗನ ಕುಲುಮೆಗೆ ಹೋಗಿ ಗಾವ್ ಆಗುತ್ತಿದ್ದವು. ಲಾಸಾದ ಒಳ್ಳೆಯ ಅಕ್ಕಸಾಲಿಗರಲ್ಲಿ ಹಲವರು ಕಠ್ಮಂಡು ಕಣಿವೆಯಿಂದ ಹೋದ ನೇವಾರರು. ಹವಳ ಮೆಡಿಟರೇನಿಯನ್ ಸಮುದ್ರದ್ದು, ಫಿರೋಜಾದಲ್ಲಿ ಒಳ್ಳೆಯದು ಇರಾನಿನ ನಿಶಾಪುರದ್ದು, ಮಿಕ್ಕಿದ್ದು ಚೀನಾದ ಕಡೆಯದು. ಸಮುದ್ರವನ್ನೇ ಕಾಣದವರ ಕೊರಳಿಗೆ ಇಷ್ಟು ದೂರದ ವಸ್ತುಗಳು ಬಂದು ಸೇರಿದ್ದವು.

ಹಳೆಯದನ್ನು ಗುರುತಿಸುವುದು ಹೇಗೆ ಎಂದರೆ, ಮುಂಬದಿ ನೋಡಬೇಡ, ಹಿಂಬದಿ ನೋಡು ಎಂದರು. ಅಚ್ಚಿನಲ್ಲಿ ಎರಕ ಹೊಯ್ದದ್ದರ ಚಿತ್ತಾರ ಮಂಕಾಗಿರುತ್ತದೆ, ಸಣ್ಣ ಸಣ್ಣ ತೂತುಗಳಿರುತ್ತವೆ. ಕೈಯಲ್ಲಿ ಬಡಿದು ಎಬ್ಬಿಸಿದ್ದಾದರೆ ಒಳಮೈಯಲ್ಲಿ ಉಳಿಯ ಗುರುತು ಸಿಗುತ್ತದೆ. ನಮ್ಮದರ ಕೊಳವೆಯ ಬಾಯಿ ಒಂದು ಕಡೆ ತೆಳುವಾಗಿ ಸವೆದಿತ್ತು. "ನೋಡು, ದಾರ ತಿಂದಿರೋದು. ಇಷ್ಟು ಸವೆಯೋಕೆ ಒಬ್ಬರ ಆಯಸ್ಸು ಸಾಲಲ್ಲ. ತಾಯಿ ಹಾಕಿ, ಮಗಳು ಹಾಕಿ..."

"ಹಸಿರು ಕಲ್ಲು ಬದಲಾಯಿಸಬೇಕು ಅಂತಿದ್ದೆ" ಎಂದೆ.

ಅವರು ಡಬ್ಬಿಯನ್ನು ಗಾಜಿನ ಮೇಲಿಟ್ಟರು. "ಕಲ್ಲು ಕೆಟ್ಟಿಲ್ಲಮ್ಮ. ಹಾಕ್ಕೊಂಡಿದ್ದಾರೆ, ಅಷ್ಟೇ."

ಫಿರೋಜಾವನ್ನು ಟಿಬೇಟಿ ಭಾಷೆಯಲ್ಲಿ 'ಯು' ಎನ್ನುತ್ತಾರೆ. ತಾಮ್ರ, ಅಲ್ಯೂಮಿನಿಯಂ, ರಂಜಕ ಸೇರಿ ಆದ, ತನ್ನೊಳಗೆ ನೀರನ್ನೂ ಹಿಡಿದಿಟ್ಟುಕೊಂಡ ಕಲ್ಲು ಅದು. ತಾಮ್ರದಿಂದ ಅದಕ್ಕೆ ನೀಲಿ ಬಂದಿರುತ್ತದೆ. ವಜ್ರ, ಮಾಣಿಕ್ಯದಂತೆ ಬಿಗಿಯಾದ ಕಲ್ಲಲ್ಲ. ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಮೈಯ ಎಣ್ಣೆ, ಬೆವರು, ಬೆಣ್ಣೆಯ ಜಿಡ್ಡು, ಒಲೆಯ ಹೊಗೆ ಎಲ್ಲವನ್ನೂ ಹೀರಿಕೊಂಡು ವರ್ಷಗಳು ಕಳೆದಂತೆ ಹಸಿರಾಗುತ್ತದೆ. ಟಿಬೇಟಿನವರು ಇದನ್ನು ಬೇರೆ ರೀತಿ ಹೇಳುತ್ತಾರೆ. ಮನುಷ್ಯನಿಗೆ 'ಲಾ' ಎಂಬ ಒಂದು ಜೀವಶಕ್ತಿ ಇದೆ, ಅದಕ್ಕೆ ನೆಲೆ ಬೇಕು, ಕೊರಳಿನ ಫಿರೋಜಾ ಅಂಥ ನೆಲೆ ಎನ್ನುತ್ತಾರೆ. ಕಲ್ಲಿಗೂ ಜೀವವಿದೆ, ಹಾಕಿಕೊಂಡವರ ಜೊತೆ ಅದಕ್ಕೂ ವಯಸ್ಸಾಗುತ್ತದೆ. ಲಡಾಖಿನ ಹೆಂಗಸರ ತಲೆಯ ಮೇಲೆ ಹಾವಿನ ಹೆಡೆಯಂತೆ ಇಳಿಬೀಳುವ, ಸಾಲು ಸಾಲು ಫಿರೋಜಾ ಹೊಲಿದ ಪೆರಾಕ್ ಇದೆಯಲ್ಲ, ಅದೂ ತಾಯಿಯಿಂದ ಹಿರಿಮಗಳಿಗೆ ಹೋಗುತ್ತದೆ. ಸ್ಟೋಕ್ ಅರಮನೆಯಲ್ಲಿ ರಾಣಿಯ ಪೆರಾಕ್ ನೋಡಿದ್ದೆ. ಅದರಲ್ಲೂ ಕೆಲವು ಕಲ್ಲು ನೀಲಿ, ಕೆಲವು ಹಸಿರು. ಆಗ ಅದು ಕೊಳೆ ಎಂದುಕೊಂಡಿದ್ದೆ.

ಆಮೇಲೆ ಅವರು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಒಳಗೆ ಏನೋ ಕಾಳಿನಂಥದ್ದು ಸರಿದಾಡಿತು.

"ಒಳಗೆ ಏನಿದೆ, ನೋಡಿದ್ದೀಯಾ?"

"ಇಲ್ಲ. ನಮ್ಮಜ್ಜಿ ಯಾವತ್ತೂ ತೆಗೆಯೋಕೆ ಬಿಡಲಿಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ಅಂಗಡಿಯಲ್ಲಿ ಇರೋ ಗಾವ್ ಎಲ್ಲ ಖಾಲಿ. ಮಾರುವಾಗ ಯಾರೂ ಒಳಗಿಂದು ಕೊಡಲ್ಲ. ಮಂತ್ರದ ಕಾಗದ, ಲಾಮಾ ಕೊಟ್ಟ ದಾರ, ಹರಸಿದ ಬಾರ್ಲಿ ಕಾಳು, ಎಲ್ಲ ತೆಗೆದಿಟ್ಕೊಂಡು ಡಬ್ಬಿ ಮಾತ್ರ ಮಾರ್ತಾರೆ. ಒಳಗಿಂದು ತೆಗೀದೆ ಕೊಟ್ಟಿದ್ದಾರೆ ಅಂದ್ರೆ ಅವರು ಮಾರಿಲ್ಲಮ್ಮ. ವಾಪಸ್ ಬಂದು ತಗೊಳ್ಳೋಣ ಅಂತ ಇಟ್ಟಿದ್ದು."

ಚಹಾಕ್ಕೂ ದುಡ್ಡು ತಗೊಳ್ಳಲಿಲ್ಲ. ಡಬ್ಬಿಗೆ ಎಷ್ಟು ಬೆಲೆ ಬಾಳಬಹುದು ಎಂದು ಕೇಳುವ ಮನಸ್ಸಾಗಲಿಲ್ಲ.

ಬೆಲೆ ಮಾತ್ರ ಬೇರೆ ದಾರಿಯಲ್ಲಿ ಬಂತು. ನನ್ನ ಗಂಡ ಫೋಟೋವನ್ನು ಹಳೇ ಸಹೋದ್ಯೋಗಿಯೊಬ್ಬನಿಗೆ ಕಳಿಸಿದ್ದ. ಅವನಿಗೆ ಗೊತ್ತಿದ್ದ ವಿದೇಶದ ಸಂಗ್ರಹಕಾರರೊಬ್ಬರು ಒಂದೂವರೆ ಲಕ್ಷ ಕೊಡುತ್ತಾರಂತೆ, ಒಳಗಿನ ವಸ್ತುಗಳೂ ಹಾಗೇ ಇರಬೇಕಂತೆ. ನಮ್ಮ ಮನೆ ಸಾಲದ ಎರಡು ಕಂತಿಗೂ ಹೆಚ್ಚು ಆ ದುಡ್ಡು. ಒಂದು ರಾತ್ರಿ ನಾನೂ ಲೆಕ್ಕ ಹಾಕಿದೆ, ಸುಳ್ಳು ಹೇಳುವುದಿಲ್ಲ. ಇಂಥ ವಸ್ತು ನೂರು ವರ್ಷ ದಾಟಿದ್ದರೆ 1972ರ ಕಾಯ್ದೆಯ ಪ್ರಕಾರ ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ ಎಂದು ಗೊತ್ತಾದಾಗ ಮನಸ್ಸು ಹಗುರಾಯಿತು. ಬೇಡ ಎನ್ನಲು ಒಂದು ಕಾನೂನು ಸಿಕ್ಕಿತಲ್ಲ ಎಂದು. ಕಾನೂನು ಇಲ್ಲದಿದ್ದರೆ ಏನು ಮಾಡುತ್ತಿದ್ದೆ ಎನ್ನುವುದನ್ನು ಯೋಚಿಸಲು ಹೋಗಲಿಲ್ಲ.

ಅಮ್ಮ ಇನ್ನೂ ನಮ್ಮ ಮನೆಯಲ್ಲೇ ಇದ್ದಳು. ಅಂಗಡಿಯವರು ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಕೊನೆಯ ಮಾತು ಕೇಳಿದ ಮೇಲೆ ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

"ಮಾರಿದ್ದಲ್ಲ. ಗಿರವಿ ಇಟ್ಟಿದ್ದು" ಎಂದಳು.

ನಿಮಗೆ ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ದಲೈ ಲಾಮಾ 1959ರ ಮಾರ್ಚ್‌ನಲ್ಲಿ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ಕೊಟ್ಟಿತು. 1960ರ ಕೊನೆಯಿಂದ ಅಲ್ಲಿಗೆ ಜನ ಬರತೊಡಗಿದರು. ಈಗ ಮಡಿಕೇರಿಗೆ ಹೋಗುವಾಗ ಎಲ್ಲರೂ ಕಾರು ನಿಲ್ಲಿಸಿ ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಳ್ಳುವ ಜಾಗ ಅದು. ಆಗ ಇದ್ದದ್ದು ಬಿದಿರು, ಆನೆ, ಜ್ವರ. ತಣ್ಣನೆಯ ಬಯಲಿನಿಂದ ಬಂದವರು ಸೆಕೆಯಲ್ಲಿ ಮರ ಕಡಿದು, ಬೇರು ಸುಟ್ಟು, ಹೊಲ ಮಾಡಿಕೊಂಡರು. ಹೊಲ ಫಸಲು ಕೊಡುವವರೆಗೆ ಹೊಟ್ಟೆಗೆ? ಹಾದಿಯುದ್ದಕ್ಕೂ ಮಾರಿ ಉಳಿದಿದ್ದ ಒಡವೆ ಪಿರಿಯಾಪಟ್ಟಣದ, ಕುಶಾಲನಗರದ ಅಂಗಡಿಗಳಿಗೆ ಬಂತು.

ಪಿರಿಯಾಪಟ್ಟಣದಲ್ಲಿ ತಾತನಿಗೆ ದಿನಸಿ ಅಂಗಡಿ ಇತ್ತು. ಜೊತೆಗೆ ಸಣ್ಣಪುಟ್ಟ ಗಿರವಿ.

"ನನಗೆ ಆಗ ಎಂಟು ವರ್ಷ. ಅಂಗಡಿ ಜಗಲಿ ಮೇಲೆ ಕೂತಿದ್ದೆ. ಎತ್ತರದ ಹೆಂಗಸು, ಮುಂದೆ ಪಟ್ಟೆಪಟ್ಟೆ ಬಟ್ಟೆ ಕಟ್ಕೊಂಡಿದ್ಲು, ಬೆನ್ನಲ್ಲಿ ಮಗು. ಅವಳಿಗೆ ಕನ್ನಡ ಬರ್ತಿರಲಿಲ್ಲ. ಕೊರಳಿಂದ ಬಿಚ್ಚಿ, ತಲೆಗೆ ಮುಟ್ಟಿಸ್ಕೊಂಡು, ಮಗು ತಲೆಗೂ ಮುಟ್ಟಿಸಿ, ನಿಮ್ಮ ತಾತನ ಕೈಗೆ ಕೊಟ್ಲು. ರಾಗಿ ಅಳೆದು ಕೊಟ್ರು. ರಾತ್ರಿ ನಮ್ಮಮ್ಮ ಅದನ್ನ ನೋಡಿದ್ದೇ ಜಗಳ. 'ಕೊರಳಲ್ಲಿರೋ ಲಿಂಗ ಬಿಚ್ಚಿಸ್ಕೊಂಡು ರಾಗಿ ಕೊಟ್ರಲ್ಲ, ನಾಳೆ ನನ್ನ ಕರಡಿಗೇನೂ ಮಾರ್ತೀರಾ?' ಅಂತ."

ನಮ್ಮದು ಲಿಂಗಾಯತರ ಮನೆ. ಅಜ್ಜಿಯ ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಸ್ನಾನಕ್ಕೆ ಹೋದರೂ ಅದು ಮೈ ಬಿಟ್ಟು ಹೋಗುತ್ತಿರಲಿಲ್ಲ. ಗಾವ್ ಎಂದರೇನೆಂದು ನಾನು ದಿಲ್ಲಿಯ ಒಂದು ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕಲಿತೆ. ಓದು ಬರಹ ಬಾರದ ಅಜ್ಜಿಗೆ ಅದು ನೋಡಿದ ಕೂಡಲೇ ತಿಳಿದಿತ್ತು. ಅದಕ್ಕೇ ಅವಳು ಅದನ್ನು ತೆಗೆಯಲಿಲ್ಲ, ಕರಗಿಸಲು ಬಿಡಲಿಲ್ಲ, ತಾನೂ ಹಾಕಿಕೊಳ್ಳಲಿಲ್ಲ.

"ಆಮೇಲೆ ಅವಳು ಬರಲೇ ಇಲ್ವಾ?" ಎಂದು ಕೇಳಿದೆ.

ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. "ಒಂದು ಸಲ ಬಂದಿದ್ಲು. ಮಾರನೇ ವರ್ಷ. ಒಂದು ಚೀಲ ಮೆಕ್ಕೆಜೋಳ ಹೊತ್ಕೊಂಡು ಬಂದು, ಕೊರಳು ಮುಟ್ಟಿ ಮುಟ್ಟಿ ತೋರಿಸಿದ್ಲು. ನಿಮ್ಮ ತಾತ ಬೆರಳು ಎಣಿಸಿ ಇಷ್ಟು ರೂಪಾಯಿ ಅಂದ್ರು. ಬಡ್ಡಿ ಸೇರಿಸಿ. ಅವಳ ಹತ್ರ ಅಷ್ಟಿರಲಿಲ್ಲ. ಜೋಳ ಬೇಡ ಅಂದ್ರು. ವಾಪಸ್ ಹೊತ್ಕೊಂಡು ಹೋದ್ಲು. ಬೆನ್ನಲ್ಲಿ ಮಗು ಇರಲಿಲ್ಲ."

ಅರವತ್ತು ವರ್ಷಕ್ಕೂ ಮೇಲೆ ಅಮ್ಮ ಇದನ್ನು ಯಾರಿಗೂ ಹೇಳಿರಲಿಲ್ಲ. ಮಗು ದೊಡ್ಡದಾಗಿ ನಡೆಯುತ್ತಿದ್ದಿರಬಹುದು, ಮನೆಯಲ್ಲಿ ಬಿಟ್ಟು ಬಂದಿರಬಹುದು ಎಂದೆ. "ಇರಬಹುದು" ಎಂದಳು. ಬೈಲಕುಪ್ಪೆಯ ಮೊದಲ ವರ್ಷಗಳಲ್ಲಿ ಎಷ್ಟೊಂದು ಜನ ಕಾಯಿಲೆಯಿಂದ ಸತ್ತರೆಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ತಾತನ ಬಗ್ಗೆ ಒಂದು ಮಾತು. ಅವರು ಕೆಟ್ಟವರಾಗಿರಲಿಲ್ಲ. ನಮ್ಮಮ್ಮನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದವರು, ಹಬ್ಬಕ್ಕೆ ನೆರೆಹೊರೆಗೆ ಬೆಲ್ಲ ಹಂಚಿದವರು. ಎಲ್ಲರಿಗೂ ಹಾಕುತ್ತಿದ್ದ ಬಡ್ಡಿಯನ್ನೇ ಆ ಹೆಂಗಸಿಗೂ ಹಾಕಿದರು. ಅಜ್ಜಿಯ ಕೋಪ ಇದ್ದದ್ದೂ ಬಹುಶಃ ಅದಕ್ಕೇ.

ಮೇ ತಿಂಗಳಲ್ಲಿ ಮದುವೆಗೆ ಹೋದೆವು. ಡಬ್ಬಿಯನ್ನು ಹಾಕಿಕೊಳ್ಳಲಿಲ್ಲ, ಚೀಲದಲ್ಲಿ ಇಟ್ಟುಕೊಂಡಿದ್ದೆ. ಮದುವೆ ಮುಗಿದ ಮಾರನೇ ದಿನ ಮಾವನನ್ನು ಕೇಳಿ ಅಟ್ಟದಿಂದ ತಾತನ ಲೆಕ್ಕದ ಪುಸ್ತಕಗಳನ್ನು ಇಳಿಸಿದೆವು. ಇಲಿ ತಿಂದು ಉಳಿದವು ಏಳೋ ಎಂಟೋ ಇದ್ದವು. ತಾತನ ಅಕ್ಷರ ದುಂಡಗಿತ್ತು. ಪ್ರತಿ ಗಿರವಿಗೂ ಹೆಸರು, ಅಪ್ಪನ ಹೆಸರು, ಊರು, ವಸ್ತು, ಕೊಟ್ಟದ್ದು. ಬಿಡಿಸಿಕೊಂಡವರ ಲೆಕ್ಕದ ಮೇಲೆ ಅಡ್ಡಗೀಟು ಎಳೆದು 'ಚುಕ್ತಾ' ಎಂದು ಬರೆದಿದ್ದರು. 1962ರ ಪುಸ್ತಕದಲ್ಲಿ ಜೂನ್ ತಿಂಗಳ ಹಾಳೆಯಲ್ಲಿ ಸಿಕ್ಕಿತು:

ಟಿಬೇಟಿ ಹೆಂಗಸು. ಬೆಳ್ಳಿ ಕರಡಿಗೆ 1, ಕಲ್ಲು 9. ರಾಗಿ 40 ಸೇರು, ನಗದು 15 ರೂ.

ಗೀಟಿರಲಿಲ್ಲ. ಚುಕ್ತಾ ಇರಲಿಲ್ಲ. ಹೆಸರೂ ಇರಲಿಲ್ಲ. ಅದೇ ಹಾಳೆಯಲ್ಲಿ ಹಿತ್ತಾಳೆ ಚೆಂಬು ಇಟ್ಟವನಿಗೂ ಹೆಸರಿತ್ತು, ಅವನ ಅಪ್ಪನಿಗೂ ಹೆಸರಿತ್ತು. ನಾನು ಮಾಡುವ ಕೆಲಸದಲ್ಲಿ ಹೆಸರಿನ ಕಾಲಂ ಖಾಲಿ ಬಿಟ್ಟರೆ ಸಿಸ್ಟಂ ಮುಂದಕ್ಕೆ ಹೋಗಲು ಬಿಡುವುದಿಲ್ಲ. ತಾತನ ಪುಸ್ತಕ ಬಿಟ್ಟಿತ್ತು. 'ಕರಡಿಗೆ' ಎಂಬ ಮಾತನ್ನು ಮಾತ್ರ ಅಮ್ಮ ಎರಡು ಸಲ ಓದಿದಳು. ಡಬ್ಬಿ ಎಂದು ಬರೆಯಬಹುದಿತ್ತು. ಅದು ಏನೆಂದು ತಾತನಿಗೂ ಗೊತ್ತಿತ್ತು.

ಮಧ್ಯಾಹ್ನ ಬಸ್ಸು ಹಿಡಿದು ಬೈಲಕುಪ್ಪೆಗೆ ಹೋದೆವು. ಮಜ್ನು ಕಾ ಟೀಲಾದ ಅಂಗಡಿಯವರು ತಮ್ಮ ಚಿಕ್ಕಮ್ಮನ ಮನೆಯ ಗುರುತು ಹೇಳಿದ್ದರು. ಮೊದಲ ಬಾರಿಗೆ ಬಂದವರಲ್ಲಿ ಉಳಿದಿರುವ ಕೆಲವರಲ್ಲಿ ಅವರೂ ಒಬ್ಬರು, ತೊಂಬತ್ತರ ಹತ್ತಿರ. ಹೆಂಚಿನ ಮನೆಯ ಮುಂದೆ ಬಿಸಿಲಿಗೆ ಕೂತು ಜಪಮಣಿ ಎಣಿಸುತ್ತಿದ್ದರು. ಡಬ್ಬಿ ಕೊಟ್ಟಾಗ ಅವರೂ ತಲೆಗೆ ಮುಟ್ಟಿಸಿಕೊಂಡರು. ಹಸಿರು ಕಲ್ಲಿನ ಮೇಲೆ ಹೆಬ್ಬೆರಳು ಆಡಿಸಿದರು. ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಹೇಳಿದರು:

"ಇದು ನಂದಲ್ಲ. ನಂದು ಕುಶಾಲನಗರದಲ್ಲಿ ಹೋಯ್ತು."

ಹೇಳಿ ನಕ್ಕರು. ನಮಗೆ ನಗಲಾಗಲಿಲ್ಲ. ಯಾರದ್ದಿರಬಹುದು ಎಂದು ಕೇಳಿದ್ದಕ್ಕೆ, ಎಷ್ಟೋ ಜನ ಇಟ್ಟರು, ಯಾರದ್ದು ಎಂದು ಹೇಳುವುದು ಎಂದರು. ಹೆಸರೇನು ಎಂದು ಅವರೇ ಕೇಳಿದರು. ಅಮ್ಮ ತಲೆ ಬಗ್ಗಿಸಿದಳು. ಒಂದು ಮಗು ಬೆನ್ನಿಗೆ ಕಟ್ಟಿಕೊಂಡಿದ್ದಳು, ಎತ್ತರ ಇದ್ದಳು ಎಂದಷ್ಟೇ ಹೇಳಲು ಸಾಧ್ಯವಾಯಿತು.

"ಆವಾಗ ನಮಗೆ ರಾಗಿ ತಿನ್ನೋಕೆ ಬರ್ತಿರಲಿಲ್ಲ" ಎಂದರು ಅಜ್ಜಿ. "ನಮ್ಮೂರಲ್ಲಿ ಬಾರ್ಲಿ ಹುರಿದು ಹಿಟ್ಟು ಮಾಡಿ ತಿಂತೀವಿ, ತ್ಸಂಪಾ. ರಾಗೀನೂ ಹಂಗೇ ಹುರಿದು ಮಾಡಿದ್ವಿ. ಚೆನ್ನಾಗಿತ್ತು." ಅಮ್ಮ ಮೆಲ್ಲಗೆ, "ನಾವೂ ಮಾಡ್ತೀವಿ. ಹುರಿಹಿಟ್ಟು ಅಂತೀವಿ" ಎಂದಳು.

ಹೊರಡುವ ಮೊದಲು ಅಮ್ಮ ಡಬ್ಬಿಯನ್ನು ಅವರ ಮಡಿಲಲ್ಲಿಟ್ಟು, "ನೀವೇ ಇಟ್ಕೊಂಡುಬಿಡಿ ಅಜ್ಜಿ" ಎಂದಳು. ಅವರು ಅದನ್ನು ಎತ್ತಿ ಅಮ್ಮನ ಕೈಗೇ ಕೊಟ್ಟರು. "ಬೇರೆಯವರ ದೇವರು ನಾನು ಹೆಂಗೆ ಇಟ್ಕೊಳ್ಳಲಿ? ಗೊಂಪಾಕ್ಕೆ ಕೊಟ್ಟರೆ ತಗೋತಾರೆ. ಕೊಡದಿದ್ರೂ ತಪ್ಪಿಲ್ಲ. ಎತ್ತರದಲ್ಲಿಡು, ಕಾಲು ತಾಗಬಾರದು."

ದಾರಿಯಲ್ಲಿ ನಾನು ಗೊಂಪಾಕ್ಕೆ ಕೊಡೋಣ ಎಂದೆ. ಕೊಟ್ಟರೆ ಮುಗಿಯುತ್ತದೆ, ಮನಸ್ಸಿಗೂ ಸಮಾಧಾನ. ಅಮ್ಮ ಒಪ್ಪಲಿಲ್ಲ. "ಗೊಂಪಾದವರು ನಮ್ಮ ಹತ್ರ ಇಟ್ಟಿದ್ರಾ? ಅವಳ ಮಗುವೋ ಮೊಮ್ಮಗುವೋ ಇದ್ದು, ಯಾವತ್ತಾದ್ರೂ ಕೇಳ್ಕೊಂಡು ಬಂದ್ರೆ? ಪಿರಿಯಾಪಟ್ಣದ ಅಂಗಡಿಗೆ ಬರ್ತಾರೆ." ನಮ್ಮ ಸಮಾಧಾನಕ್ಕೆ ಕೊಡುವುದು ಬೇರೆ, ಅವಳಿಗೆ ಕೊಡುವುದು ಬೇರೆ ಎನ್ನುವುದು ಅವಳ ವಾದ. ಯಾವುದು ಸರಿ ಎಂದು ನನಗೆ ಇವತ್ತಿಗೂ ಖಚಿತವಿಲ್ಲ. ಆದರೆ ಗುರುಗ್ರಾಮದ ಹದಿನಾಲ್ಕನೇ ಮಹಡಿಗೆ ಹುಡುಕಿಕೊಂಡು ಯಾರೂ ಬರುವುದಿಲ್ಲ ಎನ್ನುವುದಂತೂ ನಿಜ.

ಹಾಗಾಗಿ ಅಮ್ಮ ನನಗೆ ಕೊಟ್ಟ ಒಡವೆಯನ್ನು ನಾನು ಮಾವನ ಮನೆಯಲ್ಲೇ ಬಿಟ್ಟು ಬಂದೆ. ತಾತನ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಬಾಡಿಗೆಗಿದೆ. ಹಿಂದಿನ ಮನೆಯ ದೇವರ ಗೂಡಿನಲ್ಲಿ, ಅಜ್ಜಿಯ ಭಾವಚಿತ್ರಕ್ಕಿಂತ ಎತ್ತರದಲ್ಲಿ, ಗಾವ್ ಇದೆ. ತೆಗೆದು ನೋಡಿಲ್ಲ. ಕಲ್ಲು ಬದಲಾಯಿಸಿಲ್ಲ. ಅದರ ಫೋಟೋವನ್ನೂ ಮಾವನ ಫೋನ್ ನಂಬರನ್ನೂ ಆ ಬೈಲಕುಪ್ಪೆ ಅಜ್ಜಿಯ ಮೊಮ್ಮಗ ಕ್ಯಾಂಪಿನ ಹಿರಿಯರಿಗೆ ಕೊಟ್ಟಿದ್ದಾನೆ. ಇದುವರೆಗೆ ಯಾರೂ ಕರೆ ಮಾಡಿಲ್ಲ.

ಹೊರಡುವ ದಿನ ಅಮ್ಮ 1962ರ ಆ ಪುಸ್ತಕ ತೆರೆದು, ನನ್ನ ಪೆನ್ನು ಕೇಳಿ ತಗೊಂಡು, ಲೆಕ್ಕದ ಕೆಳಗೆ ತನ್ನ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದಳು: "ಮಾರನೇ ವರ್ಷ ಒಂದು ಚೀಲ ಮೆಕ್ಕೆಜೋಳ ತಂದಿದ್ದಳು. ನಾವು ತಗೊಳ್ಳಲಿಲ್ಲ. ಯಾರೇ ಬಂದರೂ ಬಡ್ಡಿ ಕೇಳದೆ ಕೊಡುವುದು." ಅದರ ಕೆಳಗೆ ತನ್ನ ಹೆಸರು, ಅಪ್ಪನ ಹೆಸರು, ಊರು.